ಬಿಸಿಲಿಗೆ ಬೆನ್ನು ಕೊಟ್ಟವರು

ಮಧ್ಯಾಹ್ನದ ಪ್ಯಾಸೆಂಜರ್ ಗಾಡಿ ಘಾಟಿ ಇಳಿದು ಹೋದ ಮೇಲೆ ಹೆಡ್ವಿಗ್ ಕ್ಯಾಮೆರಾದ ಹಿಂದಿನ ಪುಟ್ಟ ಪರದೆಗೆ ಅಂಗೈ ಮರೆ ಹಿಡಿದು ಚಿತ್ರ ನೋಡಿದಳು. ನೋಡಿ ಹಲ್ಲು ಕಚ್ಚಿದಳು. ಎಂಜಿನ್ನಿನ ಮುಖದ ಮೇಲೆ, ಸರಿಯಾಗಿ ಡ್ರೈವರ್ ಕೂರುವ ಗಾಜಿನ ಮೇಲೆ, ಕಪ್ಪನೆಯ ನೆರಳೊಂದು ಅಡ್ಡ ಮಲಗಿತ್ತು.

"ನೋಡು ವೆಂಡೆಲಿನ್, ಮೂತಿ ಮೇಲೇ ಬಿದ್ದಿದೆ."

ವೆಂಡೆಲಿನ್ ಬಂಡೆಯ ಮೇಲೆ ಕೂತು ಬ್ರೆಡ್ಡಿನ ನಡುವೆ ಬೆಟ್ಟದ ಚೀಸ್ ಇಟ್ಟುಕೊಂಡು ತಿನ್ನುತ್ತಿದ್ದ. ಬ್ಲೂಡೆನ್ಸ್ ಊರಿನಲ್ಲಿ ಬೇಕರಿ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವನು. ಹೆಡ್ವಿಗ್‌ಳ ಜೊತೆ ಆರ್ಲ್‌ಬರ್ಗ್ ಘಾಟಿಯ ರೈಲುಗಳ ಫೋಟೋ ತೆಗೆಯುತ್ತ ತಲೆಗೂದಲು ಬೆಳ್ಳಗಾಗಿಸಿಕೊಂಡವನು. ಅವನು ಎದ್ದು ಬಂದು ಇಣುಕಿದ.

"ಆ ಪೈನ್ ಮರದ್ದೇ. ಹೋದ ವರ್ಷ ನೆಟ್ಟಗಿತ್ತು. ಈ ಸಲದ ಹಿಮಕ್ಕೆ ವಾಲ್ಕೊಂಡುಬಿಟ್ಟಿದೆ. ಹೋಗ್ಲಿ ಬಿಡು, ಕೆಳಗಿನ ಸೇತುವೆ ಹತ್ರ ಹೋಗೋಣ."

"ಸೇತುವೆ ಹತ್ರ ಡ್ರೈವರ್ ಮುಖ ಕಾಣಲ್ಲ."

"ಡ್ರೈವರ್ ಮುಖ ಯಾವನಿಗೆ ಬೇಕು ಮಾರಾಯ್ತಿ?" ಎಂದವನು ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ. ಯಾರಿಗೆ ಬೇಕು ಎಂಬುದು ಅವನಿಗೆ ಗೊತ್ತಿತ್ತು.

ಮುಂದಿನ ಗಾಡಿ ಗೂಡ್ಸ್. ಮರದ ದಿಮ್ಮಿ ಹೊತ್ತು ಘಾಟಿ ಇಳಿಯುವ ಆ ಗಾಡಿಯನ್ನು ಅಂದು ಓಡಿಸುತ್ತಿದ್ದವಳು ವೆರೇನಾ, ಹೆಡ್ವಿಗ್‌ಳ ಒಬ್ಬಳೇ ಮಗಳು. ಮುಂದಿನ ವಾರದಿಂದ ಅವಳಿಗೆ ವಿಯೆನ್ನಾ ಕಡೆಯ ಬಯಲು ಸೀಮೆಗೆ ವರ್ಗ. ಇದನ್ನು ಅವಳೇನೂ ಅಮ್ಮನಿಗೆ ಹೇಳಿರಲಿಲ್ಲ. ಫೋಟೋ ಹುಚ್ಚಿನವರ ಗುಂಪಿನಲ್ಲಿ ಯಾರೋ ಹಾಕಿದ ಸುದ್ದಿಯಿಂದ ತಾಯಿಗೆ ಗೊತ್ತಾಗಿತ್ತು. ಸ್ವಂತ ಮಗಳ ಸುದ್ದಿಯನ್ನು ಊರವರ ಬಾಯಿಂದ ಕೇಳುವುದೆಂದರೆ ಯಾವ ತಾಯಿಗಾದರೂ ಹೊಟ್ಟೆ ಉರಿಯುತ್ತದೆ.

ಆದರೆ ಬಿತ್ತಿದ್ದನ್ನೇ ತಾನೇ ಬೆಳೆಯುವುದು. ವೆರೇನಾ ಬಿಳಿ ಲಂಗ ತೊಟ್ಟು ಚರ್ಚಿನಲ್ಲಿ ಮೊದಲ ಪ್ರಸಾದ ತೆಗೆದುಕೊಳ್ಳುವ ಹೊತ್ತಿಗೆ, ಘಾಟಿಗೆ ಹಿಮ ತೆಗೆಯುವ ಹಳೇ ಎಂಜಿನ್ ಬರುತ್ತಿದೆಯೆಂದು ಯಾರೋ ಪಿಸುಗುಟ್ಟಿದ್ದಕ್ಕೆ, ಹೆಡ್ವಿಗ್ ಬೆಂಚಿನಿಂದ ಎದ್ದು ಹೋದವಳು. ಮಗಳ ಹುಟ್ಟುಹಬ್ಬಗಳನ್ನೆಲ್ಲ ಫೋಟೋಕ್ಕೆ ಬಿಸಿಲಿಲ್ಲದ ದಿನ ನೋಡಿಕೊಂಡು ಆಚರಿಸಿದವಳು. ಅಂಥ ಮಗಳು ರೈಲಿನ ಡ್ರೈವರೇ ಆದದ್ದು ಯಾಕೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಘಾಟಿಯಲ್ಲಿ ಡ್ರೈವರುಗಳು ಫೋಟೋದವರನ್ನು ಕಂಡರೆ ಕೈ ಎತ್ತುತ್ತಾರೆ, ಮನಸ್ಸು ಬಂದರೆ ಸಿಳ್ಳೆಯನ್ನೂ ಹಾಕುತ್ತಾರೆ. ಫೋಟೋದವರೂ ಎರಡೂ ಕೈ ಬೀಸುತ್ತಾರೆ. ಇದು ಈ ಕಡೆಯ ಹಳೇ ಪದ್ಧತಿ. ವೆರೇನಾ ಮಾತ್ರ ಕೈ ಎತ್ತಿದವಳಲ್ಲ. ಅಮ್ಮ ಇರುವ ಜಾಗ ಬಂದರೆ ಹಳಿಯನ್ನೇ ದಿಟ್ಟಿಸಿಕೊಂಡು ಹೋಗಿಬಿಡುವಳು. ಹೆಡ್ವಿಗ್‌ಳ ಮನೆಯಲ್ಲಿ ಸಾವಿರಾರು ರೈಲುಗಳ ಚಿತ್ರವಿತ್ತು. ಮಗಳ ಮುಖ ಸ್ಪಷ್ಟವಾಗಿ ಕಾಣುವ ಚಿತ್ರ ಒಂದೂ ಇರಲಿಲ್ಲ.

"ಇದೇ ಕೊನೆ ಅವಕಾಶ," ಎಂದಳು ಹೆಡ್ವಿಗ್. "ಆ ಮರಕ್ಕೆ ಕ್ಷೌರ ಮಾಡೋಣ."

ಅಡ್ಡ ಬರುವ ಗಿಡಗಂಟಿ ಸವರುವುದಕ್ಕೆ ಇವರ ಗುಂಪಿನಲ್ಲಿ ಕ್ಷೌರವೆಂದೇ ಹೆಸರು. ಪ್ರತಿ ವಸಂತದಲ್ಲೂ ಯಾರಾದರೊಬ್ಬರು ಕತ್ತರಿ, ಗರಗಸ ಹಿಡಿದು ಬಂದು ತಮ್ಮ ತಮ್ಮ ಜಾಗ ಸಾಫು ಮಾಡಿಕೊಂಡು ಹೋಗುತ್ತಾರೆ. ಕಾನೂನಿಗೆ ಇದು ಒಪ್ಪಿಗೆಯಿಲ್ಲ, ಹಾಗಾಗಿ ಯಾರೂ ಬಾಯಿ ಬಿಡುವುದಿಲ್ಲ. ಆದರೆ ಅದೆಲ್ಲ ಪೊದೆ, ಕೊಂಬೆಗಳ ಮಾತು. ಇದು ಮರ.

"ಗರಗಸ ಹಾಕಿದ್ರೆ ಬುಡ ಉಳಿಯತ್ತೆ," ಎಂದ ವೆಂಡೆಲಿನ್, ಗಡ್ಡ ಕೆರೆಯುತ್ತ. "ನಾಳೆ ರೈಲಿನವರು ಬಂದು ನೋಡಿದ್ರೆ ಯಾರೋ ಕೊಯ್ದಿದ್ದಾರೆ ಅಂತ ಗೊತ್ತಾಗಿಬಿಡತ್ತೆ."

"ಕಿತ್ತುಬಿಟ್ರೆ?"

"ಹೂಂ. ಬೇರು ಸಮೇತ ಕಿತ್ರೆ ಗಾಳಿಗೆ ಬಿದ್ದ ಹಾಗೇ ಕಾಣತ್ತೆ. ಹೆಂಗೂ ಅರ್ಧ ವಾಲಿದೆ." ಅವನ ಕಣ್ಣಿನಲ್ಲಿ ಹುಡುಗಾಟದ ಹೊಳಪು ಬಂತು. "ಕಾರಲ್ಲಿ ರಾಟೆ ಇದೆ."

ಹಿಮದಲ್ಲಿ ಹೂತ ಕಾರನ್ನು ಎಳೆಯಲು ಇಟ್ಟುಕೊಂಡ ಕೈರಾಟೆ ಅದು. ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ಉಕ್ಕಿನ ಹಗ್ಗ ಇಂಚಿಂಚೇ ಸುತ್ತಿಕೊಳ್ಳುತ್ತದೆ. ಹಗ್ಗದ ಒಂದು ತುದಿಯನ್ನು ಮರದ ಎದೆಯೆತ್ತರಕ್ಕೆ ಕಟ್ಟಿದರು, ರಾಟೆಯನ್ನು ಕಣಿವೆಯ ಕಡೆಯ ಇನ್ನೊಂದು ದೊಡ್ಡ ಮರದ ಬುಡಕ್ಕೆ ಬಿಗಿದರು. ಮರ ಹಳಿಯಿಂದ ಆಚೆಗೆ, ಕಣಿವೆಯ ಕಡೆಗೆ ಬೀಳಬೇಕು. ಲೆಕ್ಕಾಚಾರವೇನೋ ಸರಿಯಾಗಿಯೇ ಇತ್ತು. ಇರಲಾರದವನು ಇರುವೆ ಬಿಟ್ಟುಕೊಂಡ ಎನ್ನುತ್ತಾರಲ್ಲ, ಆ ಮನುಷ್ಯನ ಲೆಕ್ಕವೂ ಶುರುವಿನಲ್ಲಿ ಸರಿಯಾಗಿಯೇ ಇದ್ದಿರಬೇಕು.

ವೆಂಡೆಲಿನ್ ಹಿಡಿ ಆಡಿಸಿದ. ಹಗ್ಗ ಬಿಗಿಯಿತು. ಮರ ನರಳಿತು. ಬುಡದ ಮಣ್ಣು ಹಪ್ಪಳದಂತೆ ಮೇಲೆದ್ದು ಬಿರಿಯಿತು. ಇನ್ನೆರಡು ಸಲ ಆಡಿಸುವಷ್ಟರಲ್ಲಿ ಪೈನ್ ಮರ ತನ್ನ ಪಾಡಿಗೆ ತಾನು, ಯಾವ ಗಲಾಟೆಯೂ ಇಲ್ಲದೆ, ಅವರು ಬೇಡಿದ ಕಡೆಗೇ ಒರಗಿತು.

ಆದರೆ ಬೇರುಗಳು ಏನನ್ನು ತಬ್ಬಿಕೊಂಡಿದ್ದವು ಎಂದು ಇಬ್ಬರೂ ನೋಡಿರಲಿಲ್ಲ. ಬೇರಿನ ಗೂಡಿನೊಳಗೆ ಎಮ್ಮೆಕರುವಿನ ಗಾತ್ರದ ಬಂಡೆಯೊಂದಿತ್ತು. ಮರ ಕಣಿವೆಯ ಕಡೆಗೆ ಬಿದ್ದಾಗ ಬೇರು ಮೇಲೆದ್ದಿತು, ಬಂಡೆ ಬೇರಿನಿಂದ ಜಾರಿ ಹಿಂದಕ್ಕೆ ಉರುಳಿತು. ಹಿಂದೆ ಇದ್ದದ್ದು ರೈಲುದಾರಿ. ಬಂಡೆ ದಿಬ್ಬದ ಅಂಚಿನಲ್ಲಿ ಒಂದು ಗಳಿಗೆ ಯೋಚಿಸುವಂತೆ ನಿಂತು, ಕೆಳಗಿಳಿದು, ಎರಡು ಹಳಿಗಳ ನಡುವೆ ಹೋಗಿ ಕೂತಿತು.

ಇಬ್ಬರೂ ಕೆಳಗೆ ಧಾವಿಸಿದರು. ಬೆನ್ನು ಕೊಟ್ಟು ತಳ್ಳಿದರು. ವೆಂಡೆಲಿನ್ ಕಬ್ಬಿಣದ ಹಾರೆಯಿಲ್ಲದ್ದಕ್ಕೆ ಕ್ಯಾಮೆರಾದ ಮುಕ್ಕಾಲಿಯನ್ನೇ ಸಂದಿಗೆ ಹಾಕಿ ಮೀಟಿದ. ಮುಕ್ಕಾಲಿ ಮುರಿಯಿತು. ಬಂಡೆ ಮಿಸುಕಲಿಲ್ಲ.

ಆಗ ಹೆಡ್ವಿಗ್‌ಳ ಕಿಸೆಯಲ್ಲಿ ಫೋನು ಗುಯ್ಗುಟ್ಟಿತು. ಘಾಟಿಯ ಮೇಲಿನ ಸ್ಟೇಷನ್ನಿನಲ್ಲಿ ನಿಂತ ಗೆಳೆಯನೊಬ್ಬ ಗುಂಪಿಗೆ ಹಾಕಿದ ಒಂದೇ ಪದ. ಪ್ರತಿದಿನವೂ ಅವರು ಕಾತರದಿಂದ ಕಾಯುವ ಪದ ಅದು. "ಹೊರಟಿತು."

ಅಲ್ಲಿಂದ ಹೊರಟರೆ ಇಲ್ಲಿಗೆ ಬರುವುದು ಒಂದು ಕಾಫಿ ಕುಡಿಯುವಷ್ಟು ಹೊತ್ತು. ಇಳಿಜಾರು ಬೇರೆ. ದಿಮ್ಮಿ ತುಂಬಿದ ಗೂಡ್ಸ್ ಗಾಡಿಯ ಬ್ರೇಕು ಹಿಡಿದ ಕೂಡಲೇ ನಿಲ್ಲುವಂಥದ್ದಲ್ಲ. ಈ ತಿರುವಿನಲ್ಲಿ ಎಂಜಿನ್ ಬಂಡೆಗೆ ಬಡಿದು ಹಳಿ ಬಿಟ್ಟರೆ ಮುಂದೆ ಹಿಡಿಯಲು ಏನೂ ಇಲ್ಲ, ಕಣಿವೆ ನೇರವಾಗಿ ಹೊಳೆಗೆ ಇಳಿಯುತ್ತದೆ. ಅದೆಲ್ಲಕ್ಕೂ ಮುಂದೆ, ಗಾಜಿನ ಹಿಂದೆ, ವೆರೇನಾ ಕೂತಿರುತ್ತಾಳೆ.

"ಪೊಲೀಸಿಗೆ ಫೋನ್ ಮಾಡು," ಎಂದಳು. ವೆಂಡೆಲಿನ್ ಆಗಲೇ ಕಿವಿಗೆ ಹಿಡಿದಿದ್ದ.

"ರೈಲುದಾರಿ ಮೇಲೆ ಬಂಡೆ ಬಿದ್ದಿದೆ... ಇಲ್ಲ, ರಸ್ತೆ ಅಲ್ಲ, ರೈಲು... ಯಾವ ಊರು ಅಂದ್ರೆ ಊರಿಲ್ಲ ಇಲ್ಲಿ, ನಾವು ಆಡಿನ ದಿಬ್ಬ ಅಂತೀವಿ... ಅಯ್ಯೋ, ಅದು ನಿಮ್ಮ ನಕ್ಷೇಲಿ ಇರಲ್ಲ ತಾಯಿ, ನಾವೇ ಇಟ್ಕೊಂಡ ಹೆಸರು..." ಇಷ್ಟು ವರ್ಷ ಅವರು ಪ್ರತಿ ತಿರುವಿಗೂ ತಮ್ಮದೇ ಹೆಸರಿಟ್ಟುಕೊಂಡು ಬೀಗಿದ್ದರು. ಈಗ ತಾವೆಲ್ಲಿದ್ದೇವೆಂದು ಬೇರೆಯವರಿಗೆ ಹೇಳಲು ಒಂದು ಹೆಸರೂ ಬಾಯಿಗೆ ಬರಲಿಲ್ಲ.

"ನೀನು ಮಾತಾಡ್ತಿರು," ಎಂದು ಹೆಡ್ವಿಗ್ ಓಡಿದಳು.

ಅರವತ್ತು ದಾಟಿದ ಹೆಂಗಸು, ಮೊಣಕಾಲು ನೋವಿಗೆ ಮುಲಾಮು ಹಚ್ಚಿಕೊಂಡು ಬಂದವಳು, ಜಲ್ಲಿಕಲ್ಲಿನ ಮೇಲೆ ಗಾಡಿ ಬರುವ ದಿಕ್ಕಿಗೇ ಓಡಿದಳು. ಎಷ್ಟು ಮುಂದೆ ಹೋಗಿ ನಿಲ್ಲಿಸಿದರೆ ಅಷ್ಟು ಒಳ್ಳೆಯದು. ಕಣಿವೆಯ ಬದಿಯಲ್ಲಿ ಹಳಿಯ ಪಕ್ಕ ಕಾಲುದಾರಿಯಿತ್ತು, ಅದನ್ನು ಹಿಡಿದಳು. ತಿರುವು ದಾಟಿ, ಸಿಗ್ನಲ್ ಕಂಬ ದಾಟಿ, ಹಳಿ ನೆಟ್ಟಗಾಗುವಲ್ಲಿಗೆ ಬಂದಾಗ ಉಸಿರು ಸಿಗದೆ ಬಾಗಿ ನಿಂತಳು. ಎದುರಿಗೆ ದೂರದಲ್ಲಿ ಸುರಂಗದ ಕಪ್ಪು ಬಾಯಿ. ಪಕ್ಕದಲ್ಲಿ ಎತ್ತರದ ಒಂದು ಕಲ್ಲು. ಅಭ್ಯಾಸಬಲ ನೋಡಿ, ಅವಳ ಕಾಲು ತಾನಾಗಿಯೇ ಆ ಕಲ್ಲನ್ನು ಹತ್ತಿತು. ಬೆನ್ನಿಗೆ ಬಿಸಿಲು ಬಿತ್ತು. ಮೈಮೇಲಿದ್ದ ಕಿತ್ತಳೆ ಬಣ್ಣದ ಮೇಲಂಗಿ ಬಿಚ್ಚಿ ಕೈಯಲ್ಲಿ ಹಿಡಿದಳು. ಅದನ್ನು ಚಕ್ರದಂತೆ ಸುತ್ತಿಸಿದರೆ ನಿಲ್ಲಿಸು ಎಂದು ಅರ್ಥ. ಗಾಡಿ ಓಡಿಸುವ ಪ್ರತಿಯೊಬ್ಬರಿಗೂ ಅದು ಗೊತ್ತು.

ಹಳಿ ಸಣ್ಣಗೆ ಹಾಡತೊಡಗಿತು.

ಕಾಯುತ್ತ ನಿಂತವಳಿಗೆ ಆಗ ಒಂದು ಹಳೇ ಮಾತು ನೆನಪಾಯಿತು. ಹಿಂದೊಮ್ಮೆ ಸ್ಟೇಷನ್ನಿನ ಕ್ಯಾಂಟೀನಿನಲ್ಲಿ ಒಬ್ಬ ಮುದುಕ ಡ್ರೈವರ್ ಬಿಯರ್ ಕುಡಿಯುತ್ತ ಇವರನ್ನು ಗೇಲಿ ಮಾಡಿದ್ದ. "ನೀವು ಯಾವಾಗ್ಲೂ ಸೂರ್ಯನ್ನ ಬೆನ್ನಿಗೆ ಹಾಕ್ಕೊಂಡು ನಿಲ್ತೀರಿ. ನಿಮಗೆ ನಮ್ಮ ಗಾಡಿ ಚಿನ್ನದ ಹಾಗೆ ಕಾಣತ್ತೆ. ನಮಗೆ ನೀವು ಕಾಣೋದು ಬೇಲಿ ಮೇಲಿನ ಕಾಗೆ ಹಾಗೆ. ಗಂಡೋ ಹೆಣ್ಣೋ, ಅಂಗಿ ಹಾಕಿದ್ದಾರೋ ಇಲ್ವೋ, ಯಾವನಿಗೆ ಗೊತ್ತು? ರೆಕ್ಕೆ ಬಡೀತಿದೆ ಅಂತ ಗೊತ್ತಾಗತ್ತೆ, ಕೈ ಎತ್ತಿ ಹೋಗ್ತೀವಿ." ಎಲ್ಲರೂ ನಕ್ಕಿದ್ದರು, ಹೆಡ್ವಿಗ್ ಎಲ್ಲರಿಗಿಂತ ಜೋರಾಗಿ.

ಇಲ್ಲಿ ನಿಂತು ಅಂಗಿ ಬೀಸಿದರೆ ಕಿತ್ತಳೆ ಬಣ್ಣ ಕಾಣುವುದಿಲ್ಲ. ಚಕ್ರವೂ ಕಾಣುವುದಿಲ್ಲ. ರೆಕ್ಕೆ ಬಡಿಯುವ ಇನ್ನೊಂದು ಕಾಗೆ. ಉಳಿದ ಡ್ರೈವರುಗಳಾದರೆ ನಮಸ್ಕಾರವೆಂದುಕೊಂಡು ಕೈಯಾದರೂ ಎತ್ತುತ್ತಿದ್ದರು. ವೆರೇನಾ ಅದನ್ನೂ ಮಾಡುವುದಿಲ್ಲ, ಕಣ್ಣು ತಿರುಗಿಸಿಕೊಂಡು ನೇರ ಬಂಡೆಯ ಕಡೆಗೆ ಹೋಗುತ್ತಾಳೆ. ಈ ತಾಯಿಯೇ ಕಲಿಸಿದ ಪಾಠ ಅದು.

ಹಳಿಯ ಆಚೆ, ಬೆಟ್ಟದ ಕಡೆ, ಹಿಮ ತಡೆಯಲು ಕಟ್ಟಿದ ಕಲ್ಲಿನ ಗೋಡೆಯಿತ್ತು. ಅದರ ಬುಡದಲ್ಲಿ ಒಬ್ಬರು ಒತ್ತಿಕೊಂಡು ನಿಲ್ಲುವಷ್ಟು ಜಾಗ. ಅಲ್ಲಿ ನಿಂತರೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ, ಕ್ಯಾಮೆರಾಕ್ಕೆ ಏನೂ ದಕ್ಕುವುದಿಲ್ಲ. ಹೆಡ್ವಿಗ್ ತನ್ನ ಜನ್ಮದಲ್ಲಿ ಆ ಬದಿಗೆ ಕಾಲಿಟ್ಟವಳಲ್ಲ. ಹೊಸಬರು ಯಾರಾದರೂ ಗೊತ್ತಿಲ್ಲದೆ ಅಲ್ಲಿ ನಿಂತರೆ "ಆ ಕಡೆ ನಿಲ್ಲೋದಕ್ಕಿಂತ ಮನೇಲಿ ಮಲಗೋದು ವಾಸಿ" ಎಂದು ಬೈದು ಈಚೆ ಕರೆಯುತ್ತಿದ್ದಳು.

ಸುರಂಗದ ಬಾಯಲ್ಲಿ ಮೂರು ದೀಪ ಹೊತ್ತಿಕೊಂಡವು.

ಅವಳು ಕಲ್ಲಿನಿಂದ ಧುಮುಕಿದಳು. ಮೊಣಕಾಲು ಮಡಚಿ ಬಿದ್ದಳು, ಅಂಗೈ ಜಲ್ಲಿಗೆ ತರೆದುಕೊಂಡಿತು. ಎದ್ದು ಮೊದಲ ಹಳಿ ದಾಟಿದಳು. ಹಳಿ ಕಾಲಡಿಯಲ್ಲಿ ನಡುಗುತ್ತಿತ್ತು. ಎರಡನೆಯದಕ್ಕೆ ಬೂಟು ತಾಗಿ ಮುಗ್ಗರಿಸಿದಳು, ಹಾಗೇ ಹೋಗಿ ಗೋಡೆಗೆ ಭುಜ ಬಡಿದುಕೊಂಡಳು. ತಿರುಗಿ ನಿಂತಳು. ಬಿಸಿಲು ಪೂರ್ತಿ ಮುಖದ ಮೇಲೆ ಬಿತ್ತು, ಕಣ್ಣಿಗೆ ಬೆಂಕಿ ಬಿದ್ದಂತಾಯಿತು. ಏನೂ ಕಾಣದೆಯೇ ಅಂಗಿಯನ್ನು ಸುತ್ತಿಸಿದಳು, ತೋಳು ಕಿತ್ತು ಬರುವಂತೆ ಸುತ್ತಿಸಿದಳು.

"ನೋಡೇ," ಎಂದಳು. "ಒಂದೇ ಒಂದ್ ಸಲ ಈ ಕಡೆ ನೋಡೇ, ವೆರೇನಾ."

ಗಾಡಿ ಬರುತ್ತಲೇ ಇತ್ತು. ಎಂಜಿನ್ನಿನ ಸದ್ದು ಎದೆಯೊಳಗೆ ಬಂತು. ನೋಡಲಿಲ್ಲ, ಇವಳು ನೋಡಲಿಲ್ಲ ಎಂದುಕೊಳ್ಳುವಷ್ಟರಲ್ಲಿ ಕಬ್ಬಿಣಕ್ಕೆ ಕಬ್ಬಿಣ ಕಚ್ಚಿಕೊಂಡ ಕಿರುಚಾಟ ಶುರುವಾಯಿತು. ಎಂಜಿನ್ ಗೋಡೆಗೆ ಒತ್ತಿ ನಿಂತವಳ ಮುಂದಿನಿಂದ ಗಾಳಿ ಎರಚಿಕೊಂಡು ಹೋಯಿತು. ಹಿಂದೆ ದಿಮ್ಮಿಯ ಬಂಡಿಗಳು ಒಂದಾದ ಮೇಲೊಂದು, ಚಕ್ರಗಳಿಂದ ಕಿಡಿ, ಸುಟ್ಟ ಕಬ್ಬಿಣದ ನಾತ. ನಿಧಾನವಾಗುತ್ತಿತ್ತು, ಆದರೆ ನಿಂತಿರಲಿಲ್ಲ. ಎಂಜಿನ್ ತಿರುವಿನಾಚೆ ಮರೆಯಾಯಿತು.

ಇನ್ನು ಅವಳ ಕೈಯಲ್ಲಿ ಏನೂ ಇರಲಿಲ್ಲ. ಬಂಡೆಯಿದ್ದದ್ದು ತಿರುವಿನಾಚೆ. ಅವಳು ಕಿವಿಯಾಗಿ ನಿಂತಳು. ಡಿಕ್ಕಿಯ ಸದ್ದು ಹೇಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ, ಅದಕ್ಕೇ ಪ್ರತಿಯೊಂದು ಸದ್ದೂ ಅದೇ ಎನ್ನಿಸಿತು. ದೇವರ ಹೆಸರು ಬಾಯಿಗೆ ಬರಲಿಲ್ಲ, ಮಗಳ ಹೆಸರೇ ಬಂತು. ಕಿರುಚಾಟ ಏರಿ, ಎಳೆದು, ಕೊನೆಗೆ ನಿಂತಿತು. ಬಂಡಿಗಳು ಒಂದಕ್ಕೊಂದು ಗುದ್ದಿಕೊಂಡು ಸುಮ್ಮನಾದವು. ಕೆಳಗೆ ಹೊಳೆಯ ಸದ್ದು ಮೊದಲಿನಂತೆ ಕೇಳತೊಡಗಿತು.

ಅವಳು ಬಂಡಿಗಳ ಪಕ್ಕದಲ್ಲಿ ನಡೆದಳು. ಓಡಲು ಧೈರ್ಯವಾಗಲಿಲ್ಲ. ತಿರುವು ದಾಟಿದಾಗ ಮೊದಲು ಕಂಡದ್ದು ವೆಂಡೆಲಿನ್. ಬಂಡೆಯ ಮುಂದೆ ಎರಡೂ ಕೈ ಚಾಚಿ, ಇಡೀ ಗಾಡಿಯನ್ನು ತಾನೇ ತಡೆಯುವವನಂತೆ ನಿಂತಿದ್ದ. ಅವನಿಗೂ ಎಂಜಿನ್ನಿಗೂ ನಡುವೆ ಒಂದು ಕೈಗಾಡಿ ಹಿಡಿಯುವಷ್ಟೇ ಜಾಗವಿತ್ತು. ಮುಖ ಅವನು ನಾದುತ್ತಿದ್ದ ಹಿಟ್ಟಿನ ಬಣ್ಣಕ್ಕೆ ತಿರುಗಿತ್ತು.

ವೆರೇನಾ ಮೆಟ್ಟಿಲು ಹಿಡಿದುಕೊಂಡು ಇಳಿದಳು. ನೆಲಕ್ಕೆ ಕಾಲಿಟ್ಟ ಮೇಲೂ ಕಂಬಿಯನ್ನು ಬಿಡಲಿಲ್ಲ.

"ನಾನು ಸುರಂಗದಿಂದ ಹೊರಗೆ ಬಂದಾಗ ಕಲ್ಲಿನ ಮೇಲೆ ಏನೋ ಕಪ್ಪಗೆ ಕಾಣ್ತು," ಎಂದಳು, ಯಾರಿಗೋ ಹೇಳುವಂತೆ. "ನೀನೇ ಅಂತ ಗೊತ್ತಾಯ್ತು. ಕಣ್ಣು ತಿರುಗಿಸಿದೆ. ಮತ್ತೆ ನೋಡ್ತೀನಿ, ಕಲ್ಲಿನ ಮೇಲೆ ಯಾರೂ ಇಲ್ಲ. ಗೋಡೆ ಕಡೆ ನಿಂತಿದ್ದೀಯ." ಉಸಿರು ಎಳೆದುಕೊಂಡಳು. "ಅಂಗಿ ಗಿಂಗಿ ನಾನು ನೋಡ್ಲಿಲ್ಲ. ನಮ್ಮಮ್ಮ ಸತ್ರೂ ಆ ಕಡೆ ನಿಲ್ಲೋಳಲ್ಲ, ಏನೋ ಆಗಿದೆ ಅಂತ ಬ್ರೇಕ್ ಒತ್ತಿದೆ."

ಹೆಡ್ವಿಗ್ ಇಷ್ಟು ವರ್ಷ ಮಗಳು ತನ್ನ ಕಡೆ ನೋಡುವುದೇ ಇಲ್ಲವೆಂದು ನಂಬಿದ್ದಳು. ನೋಡದೆ ಇಷ್ಟೆಲ್ಲ ಹೇಗೆ ಗೊತ್ತಾಗುತ್ತದೆ?

ವೆಂಡೆಲಿನ್ ಬಿದ್ದ ಮರದ ಕಡೆ ಕೈ ತೋರಿಸಿದ. "ಗಾಳಿ ಮಗಾ. ಮರ ಗಾಳಿಗೆ ಬಿತ್ತು, ಕಲ್ಲು ಉರುಳ್ತು. ನಾವು ಇಲ್ಲೇ ಇದ್ದಿದ್ದು ಪುಣ್ಯ."

ಎಲ್ಲೂ ಒಂದು ಎಲೆಯೂ ಅಲುಗುತ್ತಿರಲಿಲ್ಲ. ವೆರೇನಾ ದಿಬ್ಬದ ಮೇಲೆ ನೋಡಿದಳು. ಉಕ್ಕಿನ ಹಗ್ಗ ಬಿದ್ದ ಮರಕ್ಕೆ ಇನ್ನೂ ಬಿಗಿದುಕೊಂಡೇ ಇತ್ತು, ಬಿಸಿಲಿಗೆ ಮಿಂಚುತ್ತಿತ್ತು.

"ಯಾರು?"

"ನಾನು," ಎಂದಳು ಹೆಡ್ವಿಗ್. "ರಾಟೆ ಇವನದ್ದು. ಕೀಳೋಣ ಅಂದೋಳು ನಾನು. ನೆರಳು ನಿನ್ನ ಗಾಜಿನ ಮೇಲೆ ಬೀಳ್ತಿತ್ತು. ನಿನ್ನ ಮುಖ ಬೇಕಿತ್ತು ನಂಗೆ."

"ನನ್ನ ಮುಖ." ವೆರೇನಾ ನಕ್ಕಳು, ಕೇಳಲಾಗದಂಥ ನಗು. "ನನ್ನ ಮುಖ ಬೇಕಾಗಿದ್ರೆ ಮನೆಗೆ ಬರ್ಬೇಕಿತ್ತಮ್ಮ. ಸೂಪ್ ಮಾಡಿ ಕೊಡ್ತಿದ್ದೆ. ಎದುರಿಗೆ ಕೂತು ಎಷ್ಟು ಹೊತ್ತು ಬೇಕಾದ್ರೂ ನೋಡ್ಬಹುದಿತ್ತು. ಅದು ಬಿಟ್ಟು ನನ್ನನ್ನ ಕೊಲ್ಲೋಕೆ ಹೊರಟಿದ್ದೀಯಲ್ಲ."

ಹೆಡ್ವಿಗ್ ತಲೆ ತಗ್ಗಿಸಿದಳು. ತರೆದ ಅಂಗೈಯಿಂದ ರಕ್ತ ಇಳಿದು ಬೆರಳ ತುದಿಯಲ್ಲಿ ನಿಂತಿತ್ತು.

ಎಂಜಿನ್ನಿನೊಳಗೆ ವೈರ್‌ಲೆಸ್ ಗೊರಗುಟ್ಟಿತು. ವೆರೇನಾ ಎರಡು ಮೆಟ್ಟಿಲು ಹತ್ತಿ ಅದನ್ನು ಕೈಗೆತ್ತಿಕೊಂಡಳು. ಬಾಗಿಲು ತೆರೆದೇ ಇತ್ತು, ಎರಡೂ ಕಡೆಯ ಮಾತು ಹೊರಗೆ ಕೇಳುತ್ತಿತ್ತು.

"ಗಾಡಿ ನಿಂತಿದೆ," ಎಂದಳು. "ಹಳಿ ಮೇಲೆ ಬಂಡೆ. ಡಿಕ್ಕಿ ಆಗಿಲ್ಲ. ಯಾರಿಗೂ ಏಟಿಲ್ಲ. ಕೆಳಗಿನಿಂದ ಯಾವ ಗಾಡೀನೂ ಬಿಡ್ಬೇಡಿ."

"ಸರಿ. ಬಂಡೆ ತಾನಾಗೇ ಉರುಳಿದ್ದಾ?" ಎಂದು ಕೇಳಿತು ಕಂಟ್ರೋಲ್ ಕೋಣೆಯ ಧ್ವನಿ.

ವೆರೇನಾ ಬಾಗಿಲಿನಿಂದ ಕೆಳಗೆ ನೋಡಿದಳು. ಅಮ್ಮನೂ ಮೇಲೆ ನೋಡಿದಳು.

"ಇಲ್ಲ. ಫೋಟೋದವರು ಮರ ಕಿತ್ತಿದ್ದಾರೆ, ಅದರಿಂದ."

"ದರಿದ್ರದವರು. ಹೆಸರೇನಾದ್ರೂ ಗೊತ್ತಾಯ್ತಾ?"

"ಗೊತ್ತು. ಹೆಡ್ವಿಗ್ ಪ್ಲಾಟ್ಸರ್."

"ಪ್ಲಾಟ್ಸರ್?" ಆ ಕಡೆಯ ಧ್ವನಿ ತಡೆಯಿತು. "ನಿಮ್ಮ ಕಡೆಯವರಾ?"

"ನಮ್ಮಮ್ಮ," ಎಂದಳು ವೆರೇನಾ. "ಗಾಡಿ ನಿಲ್ಲಿಸಿದ್ದೂ ಅವಳೇ. ಎದುರಿಗೆ ಓಡಿ ಬಂದು, ಹಳಿ ದಾಟಿ ನಿಲ್ಲಿಸಿದಳು. ಎರಡನ್ನೂ ಬರ್ಕೊಳ್ಳಿ."

ಆ ಕಡೆಯಿಂದ ಬರೆದುಕೊಂಡೆ ಎಂಬ ಮಾತು ಬರುವವರೆಗೂ ಅವಳು ವೈರ್‌ಲೆಸ್ ಕೆಳಗಿಡಲಿಲ್ಲ. ಆಮೇಲೆ ಗಾಯಕ್ಕೆ ಕಟ್ಟುವ ಬಟ್ಟೆಯ ಪೆಟ್ಟಿಗೆ ಹಿಡಿದುಕೊಂಡು ಇಳಿದು ಬಂದಳು. ಅಮ್ಮನನ್ನು ಜಲ್ಲಿಯ ಮೇಲೆ ಕೂರಿಸಿ, ಅವಳ ಅಂಗೈಯ ಕಲ್ಲುಚೂರುಗಳನ್ನು ಒಂದೊಂದಾಗಿ ತೆಗೆಯತೊಡಗಿದಳು.